ಅರವತ್ತರಲ್ಲಿ ಕೈಗೆ ಬಂದ ಕ್ಯಾಮರಾ

ಶ್ರೀಮಠದ ಪ್ರೌಢಶಾಲೆಯ ಕಾರ್ಯಾಲಯದ ಗೋಡೆಯ ಮೇಲೆ ೧೯೬೦ನೆಯ ಇಸವಿಯ ಒಂದು ಸಮೂಹ ಚಿತ್ರ ತೂಗುತ್ತಿದೆ. ಕಾಗದ ಕಂದುಬಣ್ಣಕ್ಕೆ ತಿರುಗಿದೆ. ಒಂದು ಮೂಲೆಯನ್ನು ಹುಳು ತಿಂದಿದೆ. ಮುಂದಿನ ಸಾಲಿನ ನಡುವೆ ಪೂಜ್ಯ ಶ್ರೀಗಳವರು, ಅವರ ಎಡಬಲಗಳಲ್ಲಿ ಅಧ್ಯಾಪಕ ವೃಂದ, ಹಿಂದೆ ಮೂರು ಸಾಲುಗಳಲ್ಲಿ ಕೊನೆಯ ತರಗತಿಯ ವಿದ್ಯಾರ್ಥಿಗಳು. ಕೆಳಗಿನ ದಪ್ಪ ಕಾಗದದ ಮೇಲೆ 'ಕುಳಿತವರು - ಎಡದಿಂದ ಬಲಕ್ಕೆ', 'ನಿಂತವರು - ಎಡದಿಂದ ಬಲಕ್ಕೆ' ಎಂದು ದುಂಡಾದ ಅಕ್ಷರಗಳಲ್ಲಿ ಹೆಸರುಗಳನ್ನು ಬರೆಯಲಾಗಿದೆ. ಮೂರನೆಯ ಸಾಲಿನಲ್ಲಿ, ಎಡದಿಂದ ಐದನೆಯವನಾಗಿ, ಉಸಿರು ಬಿಗಿಹಿಡಿದು ನಿಂತ ಹದಿನಾರರ ಬಾಲಕನೇ ಈ ಬರಹದ ನಾಯಕ. ಅವರಿಗೆ ಈಗ ಎಂಬತ್ತು ದಾಟಿದೆ.

ಅಂದು ಪೇಟೆಯಿಂದ ಬಂದಿದ್ದ ಛಾಯಾಗ್ರಾಹಕನು ಮರದ ಪೆಟ್ಟಿಗೆಯಂಥ ಕ್ಯಾಮರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿ, ಹೊರಬಂದು, "ಯಾರೂ ಅಲುಗಾಡಬ್ಯಾಡ್ರಿ" ಎಂದು ಕೂಗಿದ್ದನು. ವರುಷಕ್ಕೊಮ್ಮೆ ಬರುವ ಆ ಕ್ಷಣಕ್ಕಾಗಿ ಹುಡುಗರು ಅಂಗಿಗಳನ್ನು ಒಗೆದು ಒಣಗಿಸಿ, ದಿಂಬಿನ ಕೆಳಗಿಟ್ಟು ಇಸ್ತ್ರಿ ಮಾಡಿಕೊಂಡಿದ್ದರು. ಚಿತ್ರವೆಂಬುದು ಅಷ್ಟು ದುರ್ಲಭವಾಗಿದ್ದ ಕಾಲವದು. ಮುಂದೆ ನಲವತ್ನಾಲ್ಕು ವರುಷಗಳ ತನಕ ಆ ಬಾಲಕನ ಕೈಗೆ ಸ್ವಂತದ ಕ್ಯಾಮರಾ ಬರಲಿಲ್ಲ. ಬಂದಾಗ ಅದು ಫಿಲ್ಮನ್ನೇ ಕೇಳದ ಕ್ಯಾಮರಾ ಆಗಿತ್ತು.

ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದು, ೧೯೯೭ರಿಂದ ಹಾವೇರಿ ಜಿಲ್ಲೆಗೆ ಸೇರಿದ ಒಂದು ಹಳ್ಳಿ ಅವರ ಹುಟ್ಟೂರು. ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು, ಶಾಲೆಯಲ್ಲಿ ಕಲಿತು, ಮುಂದೆ ಕಾಲೇಜು ಮುಗಿಸಿ, ಬ್ಯಾಂಕೊಂದರ ನೌಕರಿ ಹಿಡಿದು ಅವರು ಮಂಗಳೂರಿಗೆ ಬಂದರು. ಬಯಲುಸೀಮೆಯ ಜೋಳದ ಹೊಲಗಳಿಂದ ಬಂದವರಿಗೆ ಕಡಲತಡಿಯ ಬೆವರು, ಬಿಡದ ಮಳೆ, ತುಳು ಮತ್ತು ಕೊಂಕಣಿ ಮಾತುಗಳು ಎಲ್ಲವೂ ಮೊದಮೊದಲು ಪರಕೀಯವಾಗಿ ಕಂಡವು. ವರುಷಗಳು ಉರುಳಿದಂತೆ ಆ ಊರೇ ಅವರದಾಯಿತು. ೨೦೦೪ರಲ್ಲಿ ಅರವತ್ತು ತುಂಬಿ ನಿವೃತ್ತರಾದಾಗ, ಬೆಂಗಳೂರಿನಲ್ಲಿದ್ದ ಮಗನು ಅಂಗೈಯಲ್ಲಿ ಹಿಡಿಸುವಂಥ ಒಂದು ಡಿಜಿಟಲ್ ಕ್ಯಾಮರಾವನ್ನು ತಂದು ತಂದೆಯ ಕೈಗಿತ್ತನು. "ಫಿಲ್ಮಿನ ಖರ್ಚಿಲ್ಲ ಅಪ್ಪ, ಎಷ್ಟು ಬೇಕಾದರೂ ತೆಗೆಯಬಹುದು" ಎಂದು ಹೇಳಿ, ಎರಡು ದಿನವಿದ್ದು ಹೊರಟುಹೋದನು.

ಎಷ್ಟು ಬೇಕಾದರೂ ತೆಗೆಯಬಹುದೆಂಬ ಮಾತು ಮೊದಲನೆಯ ದಿನವೇ ಸುಳ್ಳಾಯಿತು. ಬೆಳಿಗ್ಗೆ ಮನೆಯಂಗಳದ ದಾಸವಾಳ, ಹಂಚಿನ ಮಾಡು, ತೆಂಗಿನ ಮರ ಎಂದು ಎಂಟು ಚಿತ್ರ ತೆಗೆಯುವಷ್ಟರಲ್ಲಿ ಜಾಗವಿಲ್ಲವೆಂದು ಪರದೆ ಸಾರಿತು. ಕ್ಯಾಮರಾದೊಂದಿಗೆ ಬಂದಿದ್ದ ಸ್ಮರಣ ಕಾರ್ಡು ಕೇವಲ ೧೬ ಮೆಗಾಬೈಟಿನದು. ನಾಲ್ಕು ಮೆಗಾಪಿಕ್ಸೆಲ್‌ನ ಒಂದೊಂದು ಚಿತ್ರವೂ ಸುಮಾರು ಎರಡು ಮೆಗಾಬೈಟು ನುಂಗುತ್ತಿತ್ತು. ಮಧ್ಯಾಹ್ನದ ವೇಳೆಗೆ ಕ್ಯಾಮರಾ ಕಣ್ಣನ್ನೇ ಮುಚ್ಚಿಬಿಟ್ಟಿತು. ಕೆಟ್ಟಿತೆಂದು ಗಾಬರಿಯಾಗಿ ಹಂಪನಕಟ್ಟೆಯ ಬಳಿಯ ಒಂದು ಸ್ಟುಡಿಯೋಕ್ಕೆ ಒಯ್ದರು.

ಸ್ಟುಡಿಯೋದ ಯಜಮಾನನು ಸೆಲ್ಲುಗಳ ಮುಚ್ಚಳ ತೆಗೆದು ನಕ್ಕನು. "ಎಂತ ಸಾರ್, ಟಾರ್ಚಿನ ಸೆಲ್ ಹಾಕಿದ್ದೀರಲ್ಲ! ಇದು ಅರ್ಧ ದಿನ ಬರುವುದಿಲ್ಲ. ಚಾರ್ಜ್ ಮಾಡುವ ಸೆಲ್ ನಾಲ್ಕು ತೆಗೆದುಕೊಳ್ಳಿ. ಎರಡು ಒಳಗೆ, ಎರಡು ಕಿಸೆಯಲ್ಲಿ." ಅನಂತರ ಪರದೆಯನ್ನು ನೋಡಿ ಗಂಭೀರನಾಗಿ, "ಎಲ್ಲಕ್ಕಿಂತ ಮೊದಲು ಇದರ ತಾರೀಕು ಸರಿಮಾಡಿ. ನೀವು ಇವತ್ತು ತೆಗೆದದ್ದಕ್ಕೆಲ್ಲ ಕಳೆದ ವರ್ಷದ ಜನವರಿ ಒಂದು ಅಂತ ಬಿದ್ದಿದೆ" ಎಂದನು. ಬ್ಯಾಂಕಿನಲ್ಲಿ ಮೂರು ದಶಕಗಳಿಗೂ ಮಿಕ್ಕಿ ತಾರೀಕು ನೋಡದೆ ಒಂದು ಚೀಟಿಗೂ ರುಜು ಹಾಕದಿದ್ದವರಿಗೆ ಆ ಮಾತು ನಾಟಿತು. ಕ್ಯಾಮರಾ ತಾನಾಗಿಯೇ ಎಲ್ಲವನ್ನೂ ನೆನಪಿಡುತ್ತದೆ ನಿಜ. ಆದರೆ ಅದಕ್ಕೆ ಹೇಳಿಕೊಟ್ಟದ್ದನ್ನು ಮಾತ್ರ. ತಪ್ಪು ಹೇಳಿಕೊಟ್ಟರೆ ತಪ್ಪನ್ನೇ ಅಷ್ಟೇ ನಿಷ್ಠೆಯಿಂದ ನೆನಪಿಡುತ್ತದೆ. ಮೊದಲ ಕ್ಯಾಮರಾ ಕೊಂಡವರು ಮೊದಲು ಮಾಡಬೇಕಾದ ಕೆಲಸ ಗಡಿಯಾರ ಸರಿಪಡಿಸುವುದೇ ಎಂಬುದನ್ನು ಅವರು ಅಂದು ಕಲಿತರು.

ಎರಡನೆಯ ಪಾಠ ಕೈಯದು. ಪರದೆಯಲ್ಲಿ ಚಿತ್ರ ಕಾಣುತ್ತದೆಂಬ ಸಂಭ್ರಮದಲ್ಲಿ ಅವರು ಒಂದೇ ಕೈಯನ್ನು ಮುಂದೆ ಚಾಚಿ ಗುಂಡಿ ಒತ್ತುತ್ತಿದ್ದರು. ಪರದೆಯಲ್ಲಿ ಚೆನ್ನಾಗಿ ಕಂಡ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ನಡುಗಿದ್ದವು. ಬೆಳಕು ಕಡಿಮೆಯಾದಾಗ ಕ್ಯಾಮರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸೆಕೆಂಡಿನ ಅರವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿದ್ದರೆ ಸಾಮಾನ್ಯನ ಕೈನಡುಕ ಚಿತ್ರದಲ್ಲಿ ದಾಖಲಾಗುತ್ತದೆ. ಪರಿಹಾರವೆಂದರೆ ಮೊಣಕೈಗಳನ್ನು ಪಕ್ಕೆಗಳಿಗೆ ಆನಿಸಿ, ಎಡ ಅಂಗೈಯನ್ನು ಕ್ಯಾಮರಾದ ಕೆಳಗಿಟ್ಟು, ಬೆನ್ನು ನೇರವಾಗಿಸಿ, ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಗುಂಡಿಯನ್ನು ಮೆಲ್ಲನೆ ಒತ್ತುವುದು.

ಇದನ್ನು ಕಲಿಯುವಾಗ ಅವರಿಗೆ ಪ್ರಸಾದ ನಿಲಯದ ಬೆಳಗಿನ ಜಾವಗಳು ನೆನಪಾದವು. ತಣ್ಣೀರಿನಲ್ಲಿ ಮಿಂದು ಬಂದ ಎಳೆಯರಿಗೆ ಲಿಂಗಪೂಜೆಯ ಕ್ರಮವನ್ನು ಹೇಳಿಕೊಡುತ್ತಿದ್ದ ಹಿರಿಯರು, ಎಡಗೈಯಲ್ಲಿ ಇಷ್ಟಲಿಂಗವನ್ನು ಹಿಡಿದ ಬಾಲಕನ ಮೊಣಕೈಯನ್ನು ತಿದ್ದಿ, "ಕೈ ಅಲುಗಿದರ ಕಣ್ಣು ಅಲುಗತೈತಿ, ಕಣ್ಣು ಅಲುಗಿದರ ಮನಸ್ಸು ಅಲುಗತೈತಿ" ಎನ್ನುತ್ತಿದ್ದರು. ಪೂಜೆಗೂ ಯಂತ್ರಕ್ಕೂ ಹೋಲಿಕೆ ಸಲ್ಲದು. ಆದರೂ ನೋಡುವುದೊಂದು ಶಿಸ್ತು, ಅದನ್ನು ಅಭ್ಯಾಸದಿಂದ ಪಡೆಯಬೇಕು ಎಂಬ ತಿಳಿವು ಅವರಿಗೆ ಬಂದದ್ದು ಆ ಅಂಗಳದಲ್ಲಿ. ಅರವತ್ತರ ವಯಸ್ಸಿನಲ್ಲಿ ಅದು ಬೇರೊಂದು ರೂಪದಲ್ಲಿ ಉಪಯೋಗಕ್ಕೆ ಬಂದಿತು.

ಮೂರನೆಯ ಪಾಠವನ್ನು ಸುಲ್ತಾನ್ ಬತ್ತೇರಿಯ ಹೊಳೆ ಕಲಿಸಿತು. ಟಿಪ್ಪುವಿನ ಕಾಲದ ಆ ಕರಿಗಲ್ಲಿನ ಕಾವಲು ಬುರುಜಿನ ಬಳಿ ನಿಂತು, ಗುರುಪುರ ಹೊಳೆಯನ್ನು ದಾಟಿ ತಣ್ಣೀರುಬಾವಿಯ ಕಡೆಗೆ ಹೋಗುವ ದೋಣಿಯ ಚಿತ್ರ ತೆಗೆಯಲು ಹೋದರೆ, ಪ್ರತಿ ಸಲವೂ ಬರಿಯ ನೀರೇ ಬೀಳುತ್ತಿತ್ತು. ಗುಂಡಿ ಒತ್ತಿದ ಮೇಲೆ ಕ್ಯಾಮರಾ ದೂರವನ್ನು ಅಳೆದು, ಬೆಳಕನ್ನು ಅಳೆದು, ಆಮೇಲೆ ಚಿತ್ರ ತೆಗೆಯುತ್ತಿತ್ತು. ಅಷ್ಟರಲ್ಲಿ ದೋಣಿ ಚೌಕಟ್ಟಿನಿಂದ ಆಚೆಗೆ ಸರಿದಿರುತ್ತಿತ್ತು. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಅಳತೆಗಳೆಲ್ಲ ಮೊದಲೇ ಮುಗಿದು, ಪೂರ್ತಿ ಒತ್ತಿದ ಕೂಡಲೇ ಚಿತ್ರ ಬೀಳುತ್ತದೆಂಬುದು ಕ್ಯಾಮರಾದ ಪುಸ್ತಿಕೆಯ ಹನ್ನೆರಡನೆಯ ಪುಟದಲ್ಲಿಯೇ ಇದ್ದಿತು. ಪುಸ್ತಿಕೆಯನ್ನು ಓದದೆ ಯಂತ್ರವನ್ನು ಬೈಯುವುದು ಸುಲಭ.

ಬೆರಗಿನ ಸಂಗತಿಯೊಂದಿದೆ. ಫಿಲ್ಮಿನ ಕಾಲದಲ್ಲಿ ಬೆಳಕು ಬೆಳ್ಳಿಯ ಲವಣಗಳ ಮೇಲೆ ಬಿದ್ದು ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುತ್ತಿತ್ತು. ಡಿಜಿಟಲ್ ಕ್ಯಾಮರಾದಲ್ಲಿ ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಲಕ್ಷಗಟ್ಟಲೆ ಸೂಕ್ಷ್ಮ ಕೋಶಗಳಿವೆ. ಒಂದೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುದಂಶವನ್ನು ಸಂಗ್ರಹಿಸುತ್ತದೆ. ಅದನ್ನು ಅಳೆದು ಅಂಕಿಯಾಗಿ ಬರೆದಿಡಲಾಗುತ್ತದೆ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಇಂಥ ಕೋಶಗಳ ಸಾಧನವನ್ನು ಕಲ್ಪಿಸಿದರು; ನಲವತ್ತು ವರುಷಗಳ ಅನಂತರ, ೨೦೦೯ರಲ್ಲಿ, ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರಕಿತು. ಕೋಶಕ್ಕೆ ಬೆಳಕಿನ ಹೆಚ್ಚು ಕಡಿಮೆ ಮಾತ್ರ ತಿಳಿಯುತ್ತದೆ, ಬಣ್ಣ ತಿಳಿಯದು. ಆದುದರಿಂದ ಒಂದೊಂದರ ಮೇಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಬಣ್ಣದ ಸೋಸುಹಾಳೆಯನ್ನು ಹೊದಿಸುತ್ತಾರೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವರು ರೂಪಿಸಿದ, ೧೯೭೬ರಲ್ಲಿ ಪೇಟೆಂಟ್ ಪಡೆದ ಆ ಕ್ರಮದಲ್ಲಿ ಅರ್ಧದಷ್ಟು ಕೋಶಗಳು ಹಸಿರಿಗೇ ಮೀಸಲು. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುವುದೇ ಅದರ ಕಾರಣ.

ಅದೇ ಕೊಡಕ್ ಸಂಸ್ಥೆಯಲ್ಲಿ ೧೯೭೫ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರನು ಪ್ರಥಮ ಡಿಜಿಟಲ್ ಕ್ಯಾಮರಾವನ್ನು ಜೋಡಿಸಿದನು. ಅದರ ತೂಕ ಸುಮಾರು ೩.೬ ಕಿಲೋಗ್ರಾಂ, ಚಿತ್ರದಲ್ಲಿ ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು ೧೦,೦೦೦ ಬಿಂದುಗಳು, ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು ೨೩ ಸೆಕೆಂಡುಗಳು ಬೇಕಾಗಿದ್ದವು. ಫಿಲ್ಮಿನ ವ್ಯಾಪಾರದಲ್ಲಿ ಜಗತ್ತನ್ನೇ ಆಳಿದ ಆ ಸಂಸ್ಥೆ ೨೦೧೨ರ ಜನವರಿಯಲ್ಲಿ ದಿವಾಳಿತನದ ಕಾನೂನಿನ ರಕ್ಷಣೆ ಬೇಡಬೇಕಾಯಿತು. ತನ್ನ ಮನೆಯಲ್ಲಿಯೇ ಹುಟ್ಟಿದ ಕೂಸನ್ನು ಸಕಾಲದಲ್ಲಿ ಎತ್ತಿಕೊಳ್ಳದವರ ಕಥೆಯೆಂದು ಇದನ್ನು ಉಪಾಧ್ಯಾಯರು ಮಕ್ಕಳಿಗೆ ಹೇಳಬಹುದು.

೨೦೦೫ರ ಜನವರಿಯಲ್ಲಿ, ಸುಗ್ಗಿ ಮುಗಿಸಿಕೊಂಡು, ಅವರ ತಾಯಿಯವರು ಮಂಗಳೂರಿಗೆ ಬಂದರು. ಎಂಬತ್ತು ಮೀರಿದ ಆ ತಾಯಿ ಅಲ್ಲಿಯ ತನಕ ಸಮುದ್ರವನ್ನು ಕಂಡಿರಲಿಲ್ಲ. ಅವರ ಒಂದು ಬಿಡಿ ಚಿತ್ರವೂ ಮನೆಯಲ್ಲಿರಲಿಲ್ಲ. ಮಕ್ಕಳ ಮದುವೆಗಳ ಚಿತ್ರಗಳಲ್ಲಿ ಅವರು ಇದ್ದರು. ಆದರೆ ಒಂದರಲ್ಲಿ ಸೆರಗು, ಇನ್ನೊಂದರಲ್ಲಿ ಯಾರದೋ ಭುಜ ಅವರ ಮುಖವನ್ನು ಮರೆಮಾಡಿತ್ತು. ಕೆಲಸ ಮಾಡುವವರ ಪಾಡು ಚಿತ್ರಗಳಲ್ಲಿ ಸಾಮಾನ್ಯವಾಗಿ ಹೀಗೆಯೇ. ಮಗನು ಒಂದು ಸಂಜೆ ಅವರನ್ನು ಪಣಂಬೂರಿನ ಕಡಲ ತೀರಕ್ಕೆ ಕರೆದೊಯ್ದರು. ೧೯೭೪ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿನ ಪಕ್ಕದ ಮರಳದಂಡೆ ಅದು. ತೆರೆಯ ಅಂಚಿನಲ್ಲಿ ನಿಂತು ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಇದಕ್ಕ ಬದು ಯಾರೂ ಹಾಕಿಲ್ಲಲ್ಲೋ ತಮ್ಮಾ" ಎಂದರು.

ಮಗನು ಕ್ಯಾಮರಾ ಎತ್ತಿದರು. ಬೆನ್ನ ಹಿಂದೆ ಇಳಿಯುವ ಸೂರ್ಯ, ಹೊಳೆಯುವ ಕಡಲು, ಮುಂದೆ ತಾಯಿ. ಗುಂಡಿ ಒತ್ತಿ ಪರದೆ ನೋಡಿದರೆ ಕಡಲು ಸೊಗಸಾಗಿತ್ತು; ತಾಯಿಯ ಮುಖ ಮಾತ್ರ ಇದ್ದಿಲಿನ ಬೊಂಬೆಯಂತೆ ಕಪ್ಪಾಗಿತ್ತು. ಇನ್ನೊಂದು ತೆಗೆದರು, ಅದೂ ಹಾಗೆಯೇ. "ಸಾಕ ಬಿಡೋ, ಈ ಸುಕ್ಕಗಟ್ಟಿದ ಮಾರಿ ತಗೊಂಡ ಏನ ಮಾಡ್ತಿ? ಸಮುದ್ರದ್ದ ತಗಿ" ಎಂದು ತಾಯಿ ತಿರುಗಿದರು. ಕ್ಯಾಮರಾ ಮುಂದಿನ ದೃಶ್ಯದ ಬೆಳಕನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುತ್ತದೆ. ಹಿಂದಿನ ಪ್ರಖರತೆಯನ್ನು ಕಂಡು ಬೆಳಕು ಹೆಚ್ಚಾಯಿತೆಂದು ಕಡಿತಗೊಳಿಸುತ್ತದೆ. ಆ ಕಡಿತದಲ್ಲಿ ನೆರಳಿನಲ್ಲಿರುವ ಮುಖ ಮುಳುಗುತ್ತದೆ. ಇದಕ್ಕೆ ಎರಡು ಉಪಾಯಗಳನ್ನು ಸ್ಟುಡಿಯೋದವನು ಹೇಳಿಕೊಟ್ಟಿದ್ದನು: ಮುಖವನ್ನು ಬೆಳಕಿಗೆ ತಿರುಗಿಸಬೇಕು, ಇಲ್ಲವೇ ಹಾಡುಹಗಲಿನಲ್ಲಿಯೂ ಫ್ಲಾಶ್ ಬೆಳಗಿಸಬೇಕು. ಹಗಲಿನಲ್ಲಿ ದೀಪವೇಕೆಂದು ಅಂದು ನಕ್ಕಿದ್ದವರು ಈಗ ಫ್ಲಾಶಿನ ಗುರುತನ್ನು ಒತ್ತಿ, ಗುಂಡಿಯನ್ನು ಅರ್ಧ ಹಿಡಿದು, "ಅವ್ವಾ" ಎಂದು ಕರೆದರು. ಕರೆದ ದನಿಗೆ ತಾಯಿ ತಿರುಗಿದರು. ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಹಣೆಯ ವಿಭೂತಿ ಬೆಳಗಿ, ಕಣ್ಣುಗಳಲ್ಲಿ ಕಡಲನ್ನು ಕಂಡ ಬೆರಗು ಇನ್ನೂ ಉಳಿದಿದ್ದ ಆ ಮುಖ ಚಿತ್ರದಲ್ಲಿ ನಿಂತಿತು.

ಮರುದಿನ ರಥಬೀದಿಯಲ್ಲಿ ಮಲ್ಲಿಗೆ ಮಾರುವ ಹೆಂಗಸಿನೊಡನೆ ತಾಯಿ ಚೌಕಾಸಿ ಮಾಡುತ್ತಿದ್ದಾಗ ಮತ್ತೊಂದು ಚಿತ್ರ. ಒಬ್ಬರಿಗೆ ತುಳು ಬಾರದು, ಇನ್ನೊಬ್ಬರಿಗೆ ಹಾವೇರಿಯ ಕನ್ನಡ ತಿಳಿಯದು. ಆದರೂ ಇಬ್ಬರೂ ನಗುತ್ತಿದ್ದರು. ಆ ವಾರ ಅವರು ಎರಡು ಚಿತ್ರಗಳನ್ನೂ ಕಾಗದದ ಮೇಲೆ ಮುದ್ರಿಸಿಸಿದರು. ನಾಲ್ಕು ಅಂಗುಲಕ್ಕೆ ಆರು ಅಂಗುಲದ ಉತ್ತಮ ಪ್ರತಿಗೆ ಸುಮಾರು ಇಪ್ಪತ್ತೆರಡು ಲಕ್ಷ ಬಿಂದುಗಳು ಸಾಕು. ನಾಲ್ಕು ಮೆಗಾಪಿಕ್ಸೆಲ್ ಎಂದರೆ ನಲವತ್ತು ಲಕ್ಷ. ಹೆಚ್ಚು ಮೆಗಾಪಿಕ್ಸೆಲಿನ ಹಿಂದೆ ಓಡುವವರು ಈ ಲೆಕ್ಕವನ್ನು ಗಮನಿಸಬೇಕು. ಕಡಲಿನ ಚಿತ್ರದ ಒಂದು ಪ್ರತಿಯನ್ನು ತಾಯಿಗೂ, ಮಲ್ಲಿಗೆಯ ಚಿತ್ರದ ಒಂದು ಪ್ರತಿಯನ್ನು ಹೂವಿನವಳಿಗೂ ಕೊಟ್ಟರು.

ಮುದ್ರಿಸಿ ಕೊಡುವ ಈ ರೂಢಿ ಬೆಳೆಯಿತು. ಪ್ರಸಾದ ನಿಲಯದಲ್ಲಿ ಉಂಡವರಿಗೆ ದಾಸೋಹವೆಂಬ ಮಾತನ್ನು ವಿವರಿಸಬೇಕಾಗಿಲ್ಲ. ಯಾರ ಚಿತ್ರ ತೆಗೆದರೋ ಅವರಿಗೆ ಒಂದು ಪ್ರತಿ ತಲುಪಿಸದಿದ್ದರೆ, ಇನ್ನೊಬ್ಬರ ವಸ್ತುವನ್ನು ಕೇಳದೆ ಒಯ್ದಂತೆ ಎಂದು ಅವರಿಗೆ ತೋರುತ್ತಿತ್ತು. ದೋಣಿಯ ಅಂಬಿಗ, ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನೆರೆಯವ, ತೆಂಗಿನಕಾಯಿ ಕೀಳುವವ, ಬೀಡಿ ಕಟ್ಟುವ ಹೆಂಗಸರು, ಹೀಗೆ ಅನೇಕರ ಮನೆಗಳಿಗೆ ಒಂದೊಂದು ಪ್ರತಿ ಸೇರಿತು. ಆದರೆ ತೆಗೆದದ್ದಕ್ಕೆ ಹೋಲಿಸಿದರೆ ಕೊಟ್ಟದ್ದು ಅತ್ಯಲ್ಪ. ಮೂರು ವರುಷಗಳಲ್ಲಿ ತೆಗೆದ ಚಿತ್ರಗಳು ಎರಡು ಸಾವಿರವನ್ನು ಮೀರಿದ್ದವು. ಮುದ್ರಿಸಿದವು ನೂರ ಹನ್ನೆರಡು. ಉಳಿದವೆಲ್ಲ ಕಂಪ್ಯೂಟರಿನ ಒಂದೇ ಒಂದು ಡಿಸ್ಕಿನಲ್ಲಿದ್ದವು. ಕಾರ್ಡಿನಲ್ಲಿ ಜಾಗ ಬೇಕೆಂದು ಪ್ರತಿ ವಾರವೂ ಮೂಲವನ್ನು ಅಳಿಸಿಬಿಡುತ್ತಿದ್ದರು.

ಕರಾವಳಿಯ ತೇವದ ವಿಚಾರದಲ್ಲಿ ಅವರು ಎಚ್ಚರದಿಂದಿದ್ದರು. ವರುಷಕ್ಕೆ ೩,೫೦೦ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ, ಕಪಾಟಿನೊಳಗಿಟ್ಟ ಚರ್ಮದ ಚೀಲಕ್ಕೆ ಹಿಡಿಯುವ ಬೂಷ್ಟು ಮಸೂರಕ್ಕೂ ಹಿಡಿಯುತ್ತದೆ. ಒಮ್ಮೆ ಗಾಜಿನ ಲೇಪವನ್ನು ಅದು ತಿಂದರೆ ಮತ್ತೆ ಸರಿಹೋಗದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ. ನೀಲಿ ಹರಳು ತೇವ ಹೀರಿ ನಸುಗೆಂಪಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಇಡುವುದು. ಇಷ್ಟನ್ನು ಮಳೆಗಾಲದುದ್ದಕ್ಕೂ ತಪ್ಪದೆ ಮಾಡುತ್ತಿದ್ದರು. ಯಂತ್ರವನ್ನು ಕಾಪಾಡಿದರು, ಚಿತ್ರಗಳನ್ನು ಕಾಪಾಡುವ ಯೋಚನೆ ಹೊಳೆಯಲಿಲ್ಲ.

೨೦೦೬ರಲ್ಲಿ ತಾಯಿಯವರು ಲಿಂಗೈಕ್ಯರಾದರು. ಮರುವರ್ಷದ ಮೇ ತಿಂಗಳಲ್ಲಿ, ಮುಂಗಾರಿಗೆ ಮುನ್ನ ಗುಡುಗು ಸಿಡಿಲುಗಳೊಡನೆ ಬರುವ ಮಳೆಯ ಒಂದು ಸಂಜೆ, ಹತ್ತಿರದಲ್ಲೆಲ್ಲೋ ಸಿಡಿಲೆರಗಿತು. ವಿದ್ಯುತ್ತಿನ ಪ್ಲಗ್ಗನ್ನು ತೆಗೆದಿಟ್ಟಿದ್ದರು. ಟೆಲಿಫೋನಿನ ತಂತಿಯನ್ನು ತೆಗೆಯಲು ಮರೆತಿದ್ದರು. ಆ ತಂತಿಯ ಮೂಲಕ ಬಂದ ಆಘಾತಕ್ಕೆ ಕಂಪ್ಯೂಟರು ಸುಟ್ಟಿತು. ಅದರೊಡನೆ ಡಿಸ್ಕೂ ಹೋಯಿತು. ರಿಪೇರಿಯವನು ಎರಡು ದಿನ ಪ್ರಯತ್ನಿಸಿ, "ಏನೂ ಸಿಗುವುದಿಲ್ಲ ಸಾರ್" ಎಂದು ತಲೆಯಾಡಿಸಿದನು. ಮೂರು ವರುಷಗಳ ಎರಡು ಸಾವಿರ ಚಿತ್ರಗಳು, ಪಣಂಬೂರಿನ ಆ ಸಂಜೆಯೂ ಸೇರಿ, ಬೂದಿಯೂ ಉಳಿಯದಂತೆ ಇಲ್ಲವಾದವು. ಮನೆಯಲ್ಲಿಟ್ಟುಕೊಂಡಿದ್ದ ಪ್ರತಿಯನ್ನು ತಾಯಿಯ ಅಂತಿಮ ದರ್ಶನಕ್ಕೆ ಬಂದಿದ್ದ ಬಂಧುಗಳಲ್ಲಿ ಯಾರೋ ನೆನಪಿಗೆಂದು ಒಯ್ದಿದ್ದರು. ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಮನೆಯವರು ಹೇಳುತ್ತಾರೆ.

ಉಳಿದದ್ದು ಯಾವುದು? ಕೊಟ್ಟಿದ್ದ ಪ್ರತಿಗಳು ಮಾತ್ರ. ಹಳೆಯ ಬ್ಯಾಂಕಿನ ರೂಢಿಯಂತೆ ಯಾರಿಗೆ ಯಾವ ಚಿತ್ರವನ್ನು ಯಾವ ದಿನ ಕೊಟ್ಟೆನೆಂಬುದನ್ನು ಅವರು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕವನ್ನೂ ಕ್ಯಾಮರಾವನ್ನೂ ಚೀಲಕ್ಕೆ ಹಾಕಿಕೊಂಡು ಮನೆ ಮನೆಗೆ ಹೊರಟರು. ಹುಟ್ಟೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ತಾಯಿಯ ತಗಡಿನ ಟ್ರಂಕು ತೆರೆದಾಗ, ಇಳಕಲ್ ಸೀರೆಯ ಮಡಿಕೆಯೊಳಗೆ ಕಡಲಿನ ಚಿತ್ರ ದೊರೆಯಿತು. 'ಈ ಮಾರಿ ತಗೊಂಡ ಏನ ಮಾಡ್ತಿ' ಎಂದಿದ್ದ ತಾಯಿ ಅದನ್ನು ಪಂಚಾಂಗದ ಎರಡು ಹಾಳೆಗಳ ನಡುವೆ ಸುಕ್ಕಾಗದಂತೆ ಇಟ್ಟಿದ್ದರು.

ಹೂವಿನವಳ ಮನೆ ಬೋಳಾರದ ಕಡೆ. ಮಲ್ಲಿಗೆಯ ಚಿತ್ರವನ್ನು ಅವಳು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಸಂಗತಿಯನ್ನು ಕೇಳಿ ಮರುಗಿದಳಾದರೂ ಚಿತ್ರವನ್ನು ಕೊಡಲು ಒಪ್ಪಲಿಲ್ಲ. "ಅಮ್ಮನನ್ನು ಗೋಡೆಯಿಂದ ತೆಗೆಯುವುದು ಬೇಡ ಸಾರ್. ನಿಮಗೆ ಬೇಕಾದರೆ ಇದರದ್ದೇ ಒಂದು ಫೋಟೊ ತೆಗೆಯಿರಿ" ಎಂದಳು. ಗಾಜು ಹಾಕಿದ ಚಿತ್ರದ ಚಿತ್ರ ತೆಗೆಯುವುದು ಸುಲಭವಲ್ಲ. ಫ್ಲಾಶ್ ಬೆಳಗಿಸಿದರೆ ಗಾಜಿನಲ್ಲಿ ಬಿಳಿಯ ಗುಂಡು ಬೀಳುತ್ತದೆ. ಆರಿಸಿದರೆ ತೆಗೆಯುವವನ ಪ್ರತಿಬಿಂಬವೇ ಬೀಳುತ್ತದೆ. ಪಕ್ಕದ ಕಿಟಕಿಯನ್ನು ತೆರೆದು, ಫ್ಲಾಶ್ ಆರಿಸಿ, ಅವಳ ಮಗನು ಹಿಂದೆ ಬಿಚ್ಚಿ ಹಿಡಿದ ಕರಿಯ ಕೊಡೆಯ ಮುಂದೆ ನಿಂತು, ಎಡ ಅಂಗೈಯ ಮೇಲೆ ಕ್ಯಾಮರಾವನ್ನು ಊರಿ, ಅವರು ಚಿತ್ರ ತೆಗೆದರು. ಕೈ ಅಲುಗಲಿಲ್ಲ. ಹೀಗೆ ಒಂದು ವರುಷದಲ್ಲಿ ನೂರ ಹನ್ನೆರಡರಲ್ಲಿ ಅರವತ್ತೇಳು ಮರಳಿ ಬಂದವು.

ಮನೆಮನೆ ತಿರುಗುವಾಗ ಅವರಿಗೆ ಬಾಲ್ಯದಲ್ಲಿ ಶಾಲೆಯಲ್ಲಿ ಕೇಳಿದ್ದ ಫ. ಗು. ಹಳಕಟ್ಟಿಯವರ ಸಂಗತಿ ನೆನಪಾಗುತ್ತಿತ್ತು. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಆ ಮಹನೀಯರು, ಊರೂರು ಸುತ್ತಿ, ಭಕ್ತರ ಮನೆಗಳ ಜಗಲಿಗಳಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಬಿಚ್ಚಿಸಿ ವಚನಗಳನ್ನು ಸಂಗ್ರಹಿಸಿದರು. ೧೯೨೩ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲನೆಯ ಭಾಗವನ್ನು ಹೊರತಂದರು. ಕಲ್ಯಾಣದ ಕ್ರಾಂತಿಯ ಅನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬುದು ಪರಂಪರೆಯ ನಂಬಿಕೆ. ಅವು ಒಂದೇ ಭಂಡಾರದಲ್ಲಿದ್ದಿದ್ದರೆ ಒಂದು ಕಿಡಿ ಸಾಕಾಗುತ್ತಿತ್ತು. ಪ್ರತಿಗಳಾಗಿ ಅನೇಕ ಮನೆಗಳಿಗೆ ಹಂಚಿಹೋಗಿದ್ದವು, ಆದುದರಿಂದ ಉಳಿದವು. ಮಂಗಳೂರಿಗೂ ಈ ಸತ್ಯ ಹೊಸದಲ್ಲ. ೧೮೩೪ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು; ೧೮೪೩ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿದರು; ಆ ಶತಮಾನದ ನಡುಭಾಗದಲ್ಲಿ ಬಸವಪುರಾಣವೂ ಅವರ ಪ್ರಯತ್ನದಿಂದ ಅಚ್ಚಾಯಿತು. ಅವರು ತೆಗೆದ ಹಳೆಯ ಮಂಗಳೂರಿನ ಛಾಯಾಚಿತ್ರಗಳು ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆಗಳ ಭಂಡಾರದಲ್ಲಿ ಸುರಕ್ಷಿತವಾಗಿವೆ. ಪ್ರತಿ ಮಾಡಿದ್ದರಿಂದ, ವಿವರ ಬರೆದಿಟ್ಟಿದ್ದರಿಂದ, ದೂರದ ಇನ್ನೊಂದು ಸ್ಥಳದಲ್ಲಿಯೂ ಇಟ್ಟಿದ್ದರಿಂದ ಉಳಿದವು.

ಸಿಡಿಲಿನ ಅನಂತರ ಅವರು ತಮಗೆ ವಿಧಿಸಿಕೊಂಡ ನಿಯಮಗಳು ಸರಳವಾಗಿವೆ. ಒಂದೊಂದು ಚಿತ್ರವೂ ಎರಡು ಬೇರೆ ಬೇರೆ ಸಾಧನಗಳಲ್ಲಿರಬೇಕು. ಮೂರನೆಯ ಪ್ರತಿ ಇನ್ನೊಂದು ಊರಿನಲ್ಲಿರಬೇಕು. ಎರಡನೆಯ ಪ್ರತಿಯನ್ನು ತೆರೆದು ನೋಡುವ ತನಕ ಮೊದಲನೆಯದನ್ನು ಅಳಿಸಬಾರದು. ತಿಂಗಳಿಗೆ ಹತ್ತು ಚಿತ್ರಗಳನ್ನಾದರೂ ಆರಿಸಿ ಕಾಗದಕ್ಕೆ ಇಳಿಸಬೇಕು. ಯಾರು, ಎಲ್ಲಿ, ಯಾವಾಗ ಎಂಬ ಮೂರು ವಿವರಗಳನ್ನು ಬರೆಯಬೇಕು. ಪ್ರತಿಯ ಹಿಂಬದಿಯಲ್ಲಿ ಬರೆಯುವಾಗ ಒತ್ತಿ ಬರೆಯಬಾರದು, ಮುಖದ ಮೇಲೆ ಗೆ��ೆ ಮೂಡುತ್ತದೆ. ಮತ್ತು, ಚಿತ್ರದಲ್ಲಿ ಇರುವವರಿಗೆ ಒಂದು ಪ್ರತಿ ತಲುಪಬೇಕು. ಇಂದು ಅಂಥ ಪುಟ್ಟ ಕ್ಯಾಮರಾಗಳ ಸ್ಥಾನವನ್ನು ಬಹುಮಟ್ಟಿಗೆ ಮೊಬೈಲ್ ಫೋನುಗಳು ಆಕ್ರಮಿಸಿವೆ. ಮೊಮ್ಮಗಳ ಫೋನಿನಲ್ಲಿ ಹದಿನಾರು ಸಾವಿರ ಚಿತ್ರಗಳಿವೆಯಂತೆ. ಯಂತ್ರ ಬದಲಾಗಿದೆ, ನಿಯಮಗಳಲ್ಲಿ ಒಂದನ್ನೂ ಬದಲಾಯಿಸಬೇಕಾಗಿ ಬಂದಿಲ್ಲ.

ಈ ಸಂಚಿಕೆಯ ನಿಮಿತ್ತ ಕಾರ್ಯಾಲಯದ ಗೋಡೆಯ ಹಳೆಯ ಚಿತ್ರಗಳಿಗೆ ಪ್ರತಿ ಮಾಡಿಕೊಡಬೇಕೆಂದು ಶಾಲೆಯವರು ಕೋರಿದಾಗ, ಅವರು ಮಂಗಳೂರಿನಿಂದ ಘಟ್ಟ ಹತ್ತಿ ಬಂದರು. ಕಿಟಕಿಯ ಬೆಳಕು, ಆರಿಸಿದ ಫ್ಲಾಶ್, ಹಿಂದೆ ಕರಿಯ ಕೊಡೆ ಹಿಡಿದ ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು. ೧೯೬೦ರ ಸಮೂಹ ಚಿತ್ರವನ್ನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ, ಕೆಳಗಿನ ಹೆಸರುಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಹೊಂದಿಸುತ್ತ ಹೋದರು. ಹೆಸರುಗಳು ಮುಗಿದವು, ಚಿತ್ರದಲ್ಲಿ ಇನ್ನೂ ಒಬ್ಬರು ಉಳಿದಿದ್ದರು. ಬಲತುದಿಯ ಕಂಬದ ಮರೆಯಲ್ಲಿ, ಹೆಗಲ ಮೇಲೊಂದು ಪಂಜೆ ಹೊದ್ದು, ಅರ್ಧ ಮಾತ್ರ ಕಾಣುವಂತೆ ನಿಂತವರು.

"ಇವರು ಯಾರ್ರೀ ಅಜ್ಜಾರ?" ಎಂದು ಹುಡುಗರು ಕೇಳಿದರು. ಅವರಿಗೆ ಉತ್ತರಿಸಲು ತುಸು ಹೊತ್ತು ಬೇಕಾಯಿತು. ಪ್ರಸಾದ ನಿಲಯದಲ್ಲಿ ಐದು ವರುಷಗಳ ಕಾಲ ಪ್ರತಿದಿನವೂ ರೊಟ್ಟಿ ಬಡಿದು, ಸಾರು ಕಾಸಿ, ಹುಡುಗರೆಲ್ಲ ಉಂಡರೇ ಎಂದು ಕೇಳಿದ ಮೇಲೆ ತಾವು ಉಣ್ಣುತ್ತಿದ್ದ ಅಡುಗೆಯವರು ಅವರು. ಚಿತ್ರಕ್ಕೆ ನಿಲ್ಲಿರೆಂದು ಯಾರೂ ಕರೆದಿರಲಾರರು. ಆದರೂ ನೋಡಲೆಂದು ಬಂದು ಕಂಬದ ಬಳಿ ನಿಂತಿದ್ದರು. ಅವರ ಹೆಸರನ್ನು ಬಲ್ಲವರು ಆ ಚಿತ್ರದಲ್ಲಿರುವವರಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೋ! ಹಳೆಯ ವಿದ್ಯಾರ್ಥಿಯು ಆ ಹೆಸರನ್ನು ಮೆಲುದನಿಯಲ್ಲಿ ಹೇಳಿದರು. ಹುಡುಗನೊಬ್ಬನು ಅದನ್ನು ಪಟ್ಟಿಯ ಕೊನೆಯಲ್ಲಿ, ಉಳಿದ ಹೆಸರುಗಳಷ್ಟೇ ದುಂಡಾದ ಅಕ್ಷರಗಳಲ್ಲಿ ಬರೆದನು.

ಹೊಸ ಪ್ರತಿ ಈಗ ಹಳೆಯ ಚಿತ್ರದ ಪಕ್ಕದಲ್ಲಿದೆ. ಕಾರ್ಯಾಲಯಕ್ಕೆ ಬಂದವರು ಅದನ್ನು ಓದಬಹುದು. ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಇಂಥ ಸಮೂಹ ಚಿತ್ರಗಳು ಇನ್ನೂ ಅನೇಕವಿರಬಹುದು. ಅವುಗಳ ಅಂಚಿನಲ್ಲಿ ಹೆಸರಿಲ್ಲದೆ ನಿಂತವರೂ ಇರಬಹುದು. ಅವರನ್ನು ಗುರುತಿಸಬಲ್ಲ ಕಣ್ಣುಗಳು ತೆರೆದಿರುವಾಗಲೇ ಆ ಹೆಸರುಗಳು ಕಾಗದಕ್ಕೆ ಇಳಿಯಲಿ, ಒಂದು ಪ್ರತಿ ಶ್ರೀಮಠದ ಶಾಲೆಗೂ ಬರಲಿ.